ಮಗ ಬಾಗಿಲು ಹಾಕಿಕೊಂಡು ಕೂರುತ್ತಾನೆ ಅಂದಿರಲ್ಲ

ಅಮೆರಿಕಕ್ಕೆ ಬಂದು ಐದು ತಿಂಗಳಾಯ್ತು, 14 ವರ್ಷದ ಮಗ ಸ್ಕೂಲಿಂದ ಬಂದವನೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ, ನಾವು ಬಂದಿದ್ದೇ ತಪ್ಪಾಯ್ತಾ ಅಂತ ಕೇಳಿದ್ದೀರಿ. ಅದನ್ನು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ನಮ್ಮ ಮಗನನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾವು ಬಂದಾಗ ಅವನು ಒಂಬತ್ತನೇ ಕ್ಲಾಸು. ಮೊದಲು ಮಾರ್ಕ್ಸ್ ಇಳಿಯಿತು, ಆಮೇಲೆ ಕ್ಲಾಸಿಗೇ ಹೋಗದೆ ಲೈಬ್ರರಿ ಮೂಲೆಯಲ್ಲಿ ಕೂತಿರುತ್ತಿದ್ದ. ನಾವು ಬೈದೆವು, ಗೇಮ್ ಬಂದ್ ಮಾಡಿದೆವು, ನಿನಗೋಸ್ಕರವೇ ಇಲ್ಲಿಗೆ ಬಂದದ್ದು ಅಂತ ದಿನಕ್ಕೆ ನಾಲ್ಕು ಸಲ ಹೇಳಿದೆವು. ದಯವಿಟ್ಟು ಆ ಮಾತು ಮಾತ್ರ ಆಡಬೇಡಿ.

"ನಾನಿಲ್ಲದಿದ್ದರೇ ಎಲ್ಲರಿಗೂ ನೆಮ್ಮದಿ" ಅಂತ ಒಂದು ರಾತ್ರಿ ತನ್ನ ಜೊತೆ ಬಸ್ಸಲ್ಲಿ ಬರುವ ಹುಡುಗನಿಗೆ ಮೆಸೇಜ್ ಹಾಕಿದ್ದ. ಯಾರಿಗೂ ಹೇಳಬೇಡ ಅಂತಲೂ ಬರೆದಿದ್ದ. ಆ ಹುಡುಗ ಬೆಳಿಗ್ಗೆ ನೇರ ಸ್ಕೂಲ್ ಕೌನ್ಸೆಲರ್ ಹತ್ತಿರ ಹೋಗಿ ಅದನ್ನು ತೋರಿಸಿದ. ಮಗ ಅವನ ಜೊತೆ ಮಾತು ಬಿಟ್ಟ. ಆದರೂ ಅವನು ಇನ್ನಿಬ್ಬರನ್ನು ಕರೆದುಕೊಂಡು ದಿನಾ ಸಂಜೆ ಬಂದು ನಮ್ಮ ಮನೆ ಮೆಟ್ಟಿಲ ಮೇಲೆ ಕೂರುತ್ತಿದ್ದ, ಶೂ ಲೇಸ್ ಬಿಚ್ಚುವುದು, ಮತ್ತೆ ಕಟ್ಟುವುದು, ಅರ್ಧ ಗಂಟೆ ಕಾದು ಹೋಗುವುದು. ಉಪದೇಶ ಏನೂ ಇಲ್ಲ. ಓಡೋಕೆ ಬರ್ತೀಯಾ ಅಂತ ಕಿಟಕಿಯ ಕಡೆ ಕೂಗುತ್ತಿದ್ದ, ಅಷ್ಟೇ. ಹನ್ನೊಂದನೇ ದಿನ ಮಗ ಕೆಳಗಿಳಿದು ಬಂದ.

ಮುಂದಿನ ಆಗಸ್ಟಿನಲ್ಲಿ ಆ ಹುಡುಗರೇ ಅವನನ್ನು ಸ್ಕೂಲಿನ ಕ್ರಾಸ್ ಕಂಟ್ರಿ ಟೀಮಿಗೆ, ಅಂದರೆ ಬಯಲು, ಕಾಡುದಾರಿಯಲ್ಲಿ ದೂರ ಓಡುವ ತಂಡಕ್ಕೆ, ಎಳೆದುಕೊಂಡು ಹೋದರು. ಇಲ್ಲಿನ ಎಷ್ಟೋ ಹೈಸ್ಕೂಲುಗಳಲ್ಲಿ ಅದಕ್ಕೆ ಆಯ್ಕೆ ಅಂತ ಇರುವುದಿಲ್ಲ, ನಿಧಾನ ಓಡುವವರನ್ನೂ ಸೇರಿಸಿಕೊಳ್ಳುತ್ತಾರೆ. ಹೊಸದಾಗಿ ಬಂದ ಮಕ್ಕಳಿಗೆ ಒಳ್ಳೇ ಜಾಗ. ವಾರಕ್ಕೊಮ್ಮೆ ಥೆರಪಿಗೂ ಹೋದ, ಅದೂ ಬೇಕಿತ್ತು. ಸುಮ್ನೆ ಓಡಿದ್ದರಿಂದ ಎಲ್ಲ ಸರಿಹೋಗಲಿಲ್ಲ. ಮಧ್ಯೆ ಮಧ್ಯೆ ಮತ್ತೆ ಬಾಗಿಲು ಹಾಕಿಕೊಂಡ ದಿನಗಳೂ ಇದ್ದವು.

ನೀವು ಸ್ಕೂಲ್ ಕೌನ್ಸೆಲರ್‌ಗೆ ಇವತ್ತೇ ಈಮೇಲ್ ಮಾಡಿ, ದುಡ್ಡು ಕೊಡಬೇಕಿಲ್ಲ. ಮಗನಿಗೆ ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತೆ ಅನ್ನುವುದು ಸುಳ್ಳು. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಇಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ, 24 ಗಂಟೆಯೂ ಎತ್ತುತ್ತಾರೆ, ಮೆಸೇಜ್ ಕೂಡ ಮಾಡಬಹುದು.

ಆಮೇಲೆ, ಅವನ ಜೊತೆ ಊಟಕ್ಕೆ ಕೂರುವ ಒಬ್ಬ ಹುಡುಗನ ಹೆಸರಾದರೂ ನಿಮಗೆ ಗೊತ್ತಾ? ಗೊತ್ತಿದ್ದರೆ ಈ ಶನಿವಾರ ಮನೆಗೆ ಕರೆಯಿರಿ. ಬಂದವನಿಗೆ ಮಾರ್ಕ್ಸ್ ಎಷ್ಟು ಅಂತ ಮಾತ್ರ ಕೇಳಬೇಡಿ.