ಮನೆಮಂದಿಯೆಲ್ಲ ಸ್ಟುಟ್‌ಗಾರ್ಟ್‌ಗೆ ಹೋಗಿ ನೆಲೆಸುವುದು ಹೇಗಿರುತ್ತದೆ?

ನವೆಂಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೇವೆ, ಆರು ವರ್ಷದ ಮಗ ಇದ್ದಾನೆ, ಅಮ್ಮನೂ ಮೂರು ತಿಂಗಳು ಬಂದಿರುತ್ತಾರೆ, ಜರ್ಮನ್ ಯಾರಿಗೂ ಬರದು, ದಿನ ಹೇಗೆ ಕಳೆಯುತ್ತದೋ ಎಂದು ಕೇಳಿದ್ದೀರಿ. ನಮ್ಮದೂ ಇದೇ ಲೆಕ್ಕ. ನಾನು, ನಮ್ಮವರು, ಮಗಳು ಮಾರ್ಚಿನಲ್ಲಿ ಹೋದೆವು. ತಿಪಟೂರಿನಿಂದ ನಮ್ಮ ಅತ್ತೆ ಸೆಪ್ಟೆಂಬರಿನಲ್ಲಿ ಬಂದು ದೀಪಾವಳಿ ಮುಗಿಸಿಕೊಂಡು ವಾಪಸಾದರು. ಭಾಷೆ ಕಲಿಯಿರಿ, ವಿಮೆ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ಬೇಕೇ ಬೇಕು. ಆದರೆ ನಮ್ಮನ್ನು ಆ ಊರಿಗೆ ಸೇರಿಸಿದ್ದು ನಮ್ಮ ಕಟ್ಟಡದ ಮೆಟ್ಟಿಲು. ಅದರ ಕಥೆಯನ್ನೇ ಹೇಳುತ್ತೇನೆ.

ಮೊದಲು ಕಾಲಿಂಗ್ ಬೆಲ್ ವಿಷಯ. ಅಲ್ಲಿ ಕಟ್ಟಡಕ್ಕೆ ನಂಬರ್ ಇರುತ್ತದೆ, ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಬೆಲ್ ಪಕ್ಕದಲ್ಲೂ ಟಪಾಲು ಡಬ್ಬಿಯ ಮೇಲೂ ಸರ್‌ನೇಮ್ ಬರೆದಿರಬೇಕು. ಬರೆಯದಿದ್ದರೆ ನೀವು ಆ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ, ಬ್ಯಾಂಕಿನ ಕಾಗದ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ನಮಗೆ ಸರ್‌ನೇಮ್ ಎಲ್ಲಿಂದ ಬರಬೇಕು? ನಮ್ಮವರ ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಮಾವನವರ ಹೆಸರು ಬಂದಿದೆ, ನನ್ನದರಲ್ಲಿ ನಮ್ಮಪ್ಪನ ಹೆಸರು, ಮಗಳದರಲ್ಲಿ ಅವಳಪ್ಪನ ಹೆಸರು. ಮೂವರಿಗೆ ಮೂರು. ಮೂರನ್ನೂ ಬರೆದು ಅಂಟಿಸಿದೆವು. ಯಾರೋ ಮೂವರು ವಿದ್ಯಾರ್ಥಿಗಳು ಸೇರಿ ಮನೆ ಹಿಡಿದಿದ್ದಾರೆ ಅಂತ ಅಕ್ಕಪಕ್ಕದವರು ತಿಂಗಳುಗಟ್ಟಲೆ ನಂಬಿದ್ದರಂತೆ.

ಅತ್ತೆ ಬಂದ ಮೇಲೆ ಇನ್ನೊಂದು ಫಜೀತಿ. ಅವರ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗದಲ್ಲಿ ಇರುವುದು ಮಾವನವರ ಹೆಸರೇ. ನಮ್ಮತ್ತೆ ನಲವತ್ತೈದು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ, ಸೀಮಂತದಲ್ಲಿ ಒಗಟು ಕಟ್ಟಿ ಹೇಳಿದ್ದೇ ಕೊನೆ. ಅಂಥವರನ್ನು ಕೆಳಗಿನ ಮನೆಯ ಅಜ್ಜಿ ದಿನಾ ಬೆಳಗ್ಗೆ ‘ಫ್ರಾವ್’ (ಶ್ರೀಮತಿ) ಅಂತ ಸೇರಿಸಿ ಆ ಹೆಸರಿನಲ್ಲೇ ಕೂಗಿ ನಮಸ್ಕಾರ ಹೇಳುವರು. ಮೊದಲ ದಿನ ಅತ್ತೆ ಹಿಂದಕ್ಕೆ ತಿರುಗಿ ನೋಡಿದರು, ಮಾವನವರೇ ಬಂದರೇನೋ ಎಂಬಂತೆ. ಎರಡನೇ ವಾರಕ್ಕೆ ಓಗೊಡಲು ಶುರುಮಾಡಿದರು. “ಅವರು ಹೋಗಿ ಆರು ವರ್ಷ ಆಯ್ತು ಕಣಮ್ಮ, ಇಷ್ಟು ದೂರದಲ್ಲಿ ಯಾರೋ ದಿನಾ ಅವರ ಹೆಸರು ಹೇಳ್ತಾರಲ್ಲ,” ಅಂದರು. ಬೇರೆ ಹೆಸರಿನಿಂದ ಕರೆಯಲು ಹೇಳಲೇ ಅಂತ ಕೇಳಿದೆ. ಬೇಡ ಅಂದರು.

ಅದೇ ಅಜ್ಜಿ ನನ್ನ ಮಗಳನ್ನು ‘ಮೇಡ್‌ಲೆ’ ಅಂತ ಕರೆಯುವರು. ಇದು ಅತ್ತೆಗೆ ಸರಿಬರಲಿಲ್ಲ. “ಮಗೂನ ಲೇ ಅಂತಾರಲ್ಲೇ!” ಸ್ಟುಟ್‌ಗಾರ್ಟ್ ಸೀಮೆಯ ಜನ ಸ್ವಾಬಿಯನ್ನರು. ಅವರ ಆಡುಮಾತಿನಲ್ಲಿ ಚಿಕ್ಕದಕ್ಕೆ, ಮುದ್ದಿನದಕ್ಕೆ ಕೊನೆಯಲ್ಲಿ ‘ಲೆ’ ಹಚ್ಚುತ್ತಾರೆ. ಮನೆ ‘ಹೊಯ್ಸ್‌ಲೆ’, ಅವರ ಶಾವಿಗೆಯಂಥ ತಿಂಡಿ ‘ಸ್ಪೆಟ್ಸ್‌ಲೆ’, ಹುಡುಗಿ ‘ಮೇಡ್‌ಲೆ’. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು ಅತ್ತೆ. ಪ್ರತ್ಯಯ ಅಂತ ಗೊತ್ತಾದ ಕೂಡಲೇ ಸಮಾಧಾನವಾಯಿತು. ಸಂಜೆಗೆ ಮನೆಯಲ್ಲಿ ದೋಸೆಲೆ, ಚಟ್ನಿಲೆ ಶುರುವಾಗಿತ್ತು.

ಈಗ ಮೆಟ್ಟಿಲಿಗೆ ಬರುತ್ತೇನೆ. ಅತ್ತೆ ಬಂದು ವಾರವೂ ಆಗಿರಲಿಲ್ಲ. ಅಷ್ಟು ದಿನ ಮೆಟ್ಟಿಲಿನ ಒಂದು ಭಾಗ ರಿಪೇರಿಯಲ್ಲಿದ್ದುದರಿಂದ ಮನೆ ಮಾಲೀಕರೇ ಆಳು ಕರೆಸಿ ಗುಡಿಸುತ್ತಿದ್ದರು. ರಿಪೇರಿ ಮುಗಿದಿತ್ತು. ಒಂದು ಭಾನುವಾರ ರಾತ್ರಿ ನಮ್ಮ ಬಾಗಿಲ ಹಿಡಿಗೆ ಯಾರೋ ಒಂದು ಮರದ ಹಲಗೆ ನೇತುಹಾಕಿದ್ದಾರೆ. ಯಾರದೋ ಬಿಟ್ಟುಹೋದ ವಸ್ತು, ಕಳೆದುಹೋಗಬಾರದು ಅಂತ ಅತ್ತೆ ಅದನ್ನು ಒಳಗೆ ತಂದು ಅಡುಗೆಮನೆಯಲ್ಲಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ಹಾಕಿದರು. ನಮಗೆ ಹೇಳುವುದು ಮರೆತರು. ನಮ್ಮವರು ನೋಡಿ ನಾನು ತಂದದ್ದು ಅಂದುಕೊಂಡರು, ನಾನು ಅವರು ತಂದದ್ದು ಅಂದುಕೊಂಡೆ.

ಆ ಹಲಗೆಯ ಮೇಲಿದ್ದ ಪದ ‘ಕೇರ್‌ವೋಖೆ’, ಅಂದರೆ ಗುಡಿಸುವ ವಾರ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. ಮುಗಿಸಿ ಪಕ್ಕದ ಮನೆಯ ಬಾಗಿಲಿಗೆ ದಾಟಿಸಬೇಕು. ಇದು ಚಿಕ್ಕ ಸರದಿ. ಇನ್ನೊಂದು ದೊಡ್ಡದು, ಅದರಲ್ಲಿ ಮುಂಬಾಗಿಲು, ನೆಲಮಾಳಿಗೆ, ಹೊರಗಿನ ಕಾಲುದಾರಿ, ಹಿಮ ಬಿದ್ದರೆ ಅದನ್ನು ಬಳಿಯುವುದು ಎಲ್ಲ ಸೇರುತ್ತದೆ. ಊರು ಚೊಕ್ಕಟವಾಗಿಡುವ ಹೊಣೆಯನ್ನು ಮನೆಮನೆಗೆ ಹಂಚುವ ಈ ಪದ್ಧತಿಯ ಬೇರನ್ನು ಎಬರ್‌ಹಾರ್ಡ್ ದೊರೆಯ ಕಾಲದ, 1492ರ ಸ್ಟುಟ್‌ಗಾರ್ಟ್ ನಗರ ಶಾಸನದಲ್ಲಿ ಹುಡುಕುತ್ತಾರೆ. ಈಗ ಅದು ಉಳಿದಿರುವುದು ಬಾಡಿಗೆ ಕರಾರಿನಲ್ಲಿ, ಕಟ್ಟಡದ ನಿಯಮಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿನವರ ಮನಸ್ಸಿನಲ್ಲಿ.

ಹಲಗೆ ನಮ್ಮ ಅಡುಗೆಮನೆಯಲ್ಲಿ ಮೂರು ವಾರ ಸುಖವಾಗಿತ್ತು. ಹಲಗೆ ಬಾರದೆ ಪಕ್ಕದ ಮನೆಯವರು ಗುಡಿಸುವ ಹಾಗಿಲ್ಲ, ಅವರು ಗುಡಿಸದೆ ಮೇಲಿನವರಿಗೆ ಸರದಿ ಹೋಗುವ ಹಾಗಿಲ್ಲ. ಮೆಟ್ಟಿಲ ಮೇಲೆ ಧೂಳು, ಒಣಗಿದ ಎಲೆ. ನಾಲ್ಕನೇ ಶನಿವಾರ ಕೆಳಗಿನ ಅಜ್ಜಿ, ಪಕ್ಕದ ಮನೆಯವರು, ಮೂರನೇ ಮಹಡಿಯ ಹುಡುಗ ಒಟ್ಟಿಗೆ ಬಂದು ಬೆಲ್ ಮಾಡಿದರು. ಅಜ್ಜಿಯ ಕಣ್ಣು ನೇರವಾಗಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ಹೋಯಿತು. ಮಗಳು ಒಂದನೇ ಕ್ಲಾಸಿಗೆ ಸೇರಿದ್ದಳು, ನಮ್ಮೆಲ್ಲರಿಗಿಂತ ಚೆನ್ನಾಗಿ ಜರ್ಮನ್ ಮಾತಾಡುತ್ತಿದ್ದಳು. ಅವಳೇ ಎರಡೂ ಕಡೆಗೆ ಅರ್ಥ ಹೇಳಿದಳು. ಕೇಳಿ ಮುಗಿಯುವ ಮೊದಲೇ ಅತ್ತೆ ಸೆರಗು ಸಿಕ್ಕಿಸಿ ಪೊರಕೆ ಹಿಡಿದಾಗಿತ್ತು. “ಇಷ್ಟೇನಾ? ಹೇಳಬಾರದಾಗಿತ್ತಾ?” ನಾಲ್ಕನೇ ಮಹಡಿಯಿಂದ ಕೆಳಗಿನವರೆಗೆ ಎಲ್ಲರ ಪಾಲಿನದನ್ನೂ ಗುಡಿಸಿ, ಒರೆಸಿ, ರೂಢಿಯಂತೆ ನಮ್ಮ ಹೊಸಲ ಮುಂದೆ ರಂಗೋಲಿ ಎಳೆದರು. ಆರು ಚುಕ್ಕಿ ಆರು ಸಾಲು.

ಮರುದಿನ ಹಲಗೆ ಪಕ್ಕದ ಮನೆಗೆ ದಾಟಿತು. ಸಂಜೆಗೆ ಆ ಮನೆಯಾಕೆ ಬಂದು ಬಹಳ ಗಂಭೀರವಾಗಿ ಕೇಳಿದರು: ಈ ವಾರ ಸರದಿ ನನ್ನದು, ಈ ಚಿತ್ರವನ್ನು ಒರೆಸಬೇಕೋ, ಸುತ್ತ ಒರೆಸಿ ಅದನ್ನು ಬಿಡಬೇಕೋ? ಒರೆಸಿದರೆ ನಿಮ್ಮ ಮನಸ್ಸಿಗೆ ನೋವು, ಬಿಟ್ಟರೆ ನೆಲಕ್ಕೆ ನ್ಯಾಯ ಮಾಡಿದಂತಾಗುವುದಿಲ್ಲ. ಅತ್ತೆಗೆ ಈ ಪ್ರಶ್ನೆ ಎಷ್ಟು ಹಿಡಿಸಿತೆಂದರೆ ಕೂರಿಸಿ ಕಾಫಿ ಕೊಟ್ಟು ವಿವರಿಸಿದರು: ಹಳೆಯದನ್ನು ಅಳಿಸಿ ದಿನಾ ಹೊಸದು ಹಾಕುವುದೇ ರಂಗೋಲಿ, ಧಾರಾಳವಾಗಿ ಒರೆಸಿ. ಅಂದಿನಿಂದ ನಮ್ಮ ಹೊಸಲ ಮುಂದೆ ಪುಟ್ಟದೊಂದು ನಾಲ್ಕು ಚುಕ್ಕಿಯ ರಂಗೋಲಿ. ದಿನಾ ನಸುಕಿನಲ್ಲಿ ಹಳೆಯದನ್ನು ಅತ್ತೆಯೇ ಒದ್ದೆಬಟ್ಟೆಯಲ್ಲಿ ತೆಗೆಯುವರು.

ನನಗೆ ತಿಳಿದದ್ದು ಇದು. ಅಲ್ಲಿ ಯಾರಾದರೂ ಬೆಲ್ ಮಾಡಿ ನಿಯಮ ಹೇಳಿದರೆ ಬೈಯಲು ಬಂದರು ಅಂತ ಮುದುಡಿಕೊಳ್ಳಬೇಡಿ. ಎಷ್ಟೋ ಸಲ ಅವರಿಗೆ ಮಾತು ಶುರುಮಾಡಲು ಇರುವ ದಾರಿ ಅದೊಂದೇ. ನಮ್ಮಲ್ಲಿ ‘ಊಟ ಆಯ್ತಾ’ ಅನ್ನುತ್ತೇವೆ, ಅವರು ‘ಇವತ್ತು ಭಾನುವಾರ’ ಅನ್ನುತ್ತಾರೆ.

ಭಾನುವಾರ ಅಂದೆನಲ್ಲ, ಅದನ್ನು ಚೆನ್ನಾಗಿ ನೆನಪಿಡಿ. ಅಂಗಡಿಗಳು ಮುಚ್ಚಿರುತ್ತವೆ. 1919ರ ವೈಮಾರ್ ಸಂವಿಧಾನ ಭಾನುವಾರಕ್ಕೆ ಕೊಟ್ಟ ರಕ್ಷಣೆ ಈಗಿನ ಸಂವಿಧಾನದಲ್ಲೂ ಮುಂದುವರಿದಿದೆ. ಬೇಕರಿ ಕೆಲವು ಗಂಟೆ ತೆಗೆದಿರುತ್ತದೆ, ದೊಡ್ಡ ರೈಲ್ವೆ ನಿಲ್ದಾಣದಲ್ಲಿ ಏನಾದರೂ ಸಿಗುತ್ತದೆ, ಅಷ್ಟೇ. ಮೊದಲ ಭಾನುವಾರ ಮನೆಯಲ್ಲಿ ಒಂದು ಹನಿ ಹಾಲಿರಲಿಲ್ಲ. ಅವತ್ತು ಡ್ರಿಲ್ ಹೊಡೆಯುವಂತಿಲ್ಲ, ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಹಾಕುವಂತಿಲ್ಲ, ಸದ್ದಾಗುತ್ತದೆ. ನಾವು ಇಲ್ಲಿಂದ ಹೊತ್ತೊಯ್ದ ಟೇಬಲ್‌ಟಾಪ್ ಗ್ರೈಂಡರ್ ಅನ್ನು ಅತ್ತೆ ಹಾಕಿದ್ದು ಸರಿಯಾಗಿ ಭಾನುವಾರ ಸಂಜೆ. ಸೋಮವಾರದ ಇಡ್ಲಿಗೆ ಭಾನುವಾರವೇ ರುಬ್ಬಬೇಕು, ಅದು ಅವರ ಹುಟ್ಟಿನಿಂದ ಬಂದ ರೂಢಿ. ಹಳೇ ಮರದ ನೆಲ, ಕೆಳಗಿನ ಅಜ್ಜಿಯ ಶೋಕೇಸಿನ ಲೋಟಗಳೆಲ್ಲ ಕಿಣಿಕಿಣಿ ಅಂದವಂತೆ. ಭೂಕಂಪವೋ ಅಂತ ಮೇಲೆ ಬಂದರು. ರುಬ್ಬುಗಲ್ಲು ತಿರುಗುವುದನ್ನು ಹತ್ತು ನಿಮಿಷ ನಿಂತು ನೋಡಿ, ಶನಿವಾರ ಬೆಳಗ್ಗೆ ಹಾಕಿ, ನಾನು ಆಗ ಸಂತೆಗೆ ಹೋಗಿರುತ್ತೇನೆ ಅಂದರು. ಅಲ್ಲಿಗೆ ನಮ್ಮನೆ ಇಡ್ಲಿ ಭಾನುವಾರಕ್ಕೆ ಬದಲಾಯಿತು.

ರುಬ್ಬಿದ್ದು ಹುಳಿ ಬರುವುದು ಬೇರೆ ಕಷ್ಟ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇದನ್ನೂ ಬಾಡಿಗೆ ಕರಾರಿನಲ್ಲಿ ಬರೆದಿರುತ್ತಾರೆ. ನಮ್ಮವರು ಕಿಟಕಿ ತೆರೆಯುವರು, ಹಿಂದೆಯೇ ಅತ್ತೆ ಬಂದು “ಮಗೂಗೆ ಥಂಡಿ ಆಗುತ್ತೆ” ಅಂತ ಮುಚ್ಚುವರು. ಮಗು ಹೊರಗೆ ಅದೇ ಥಂಡಿಯಲ್ಲಿ ಆಡುತ್ತಿರುವಳು. ಕಡೆಗೆ ಹಿಟ್ಟನ್ನು ಓವನ್ನಿನೊಳಗಿಟ್ಟು ಅದರ ದೀಪ ಮಾತ್ರ ಹಾಕಿ ಬಿಡುವುದು ಕಲಿತೆವು. ರಾತ್ರಿ ಕಳೆಯುವುದರೊಳಗೆ ಚೆನ್ನಾಗಿ ಉಬ್ಬುತ್ತದೆ. ಅಗಲವಾದ ಪಾತ್ರೆ ಇಡಿ, ಉಕ್ಕಿ ಓವನ್ ತುಂಬ ಆದರೆ ತೊಳೆಯುವುದು ಕಷ್ಟ.

ಬಚ್ಚಲಿನ ವಿಷಯ ನಿಮ್ಮಮ್ಮನಿಗೆ ಮೊದಲೇ ಹೇಳಿಬಿಡಿ. ಸಾಮಾನ್ಯವಾಗಿ ಅಲ್ಲಿನ ಬಚ್ಚಲ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಬಕೆಟ್, ಚೊಂಬು ಏನಿದ್ದರೂ ಟಬ್ಬಿನ ಒಳಗೇ. ನಮ್ಮ ಮನೆಯಲ್ಲಿ ನೀರು ಪ್ಯಾಸೇಜಿನವರೆಗೆ ಹರಿದು ಬಂದಿತ್ತು, ನಾಲ್ಕು ಟವೆಲಿನಲ್ಲಿ ಹೀರಿಸಿ ಉಳಿದೆವು. ಕೆಳಗಿನ ಮನೆಯ ಸೂರಿಗೆ ಇಳಿದಿದ್ದರೆ ದೊಡ್ಡ ಖರ್ಚು. ಇನ್ನೊಬ್ಬರಿಗೆ ನಮ್ಮಿಂದಾದ ನಷ್ಟ ಭರಿಸುವ ಹಾಫ್ಟ್‌ಫ್ಲಿಖ್ಟ್ ವಿಮೆಯನ್ನು ಅಲ್ಲಿಗೆ ಹೋದ ಮೊದಲ ವಾರವೇ ಮಾಡಿಸಿ ಅನ್ನುವುದು ಇದಕ್ಕೇ.

ಸಸ್ಯಾಹಾರಿಗಳಾದರೆ ಹೆದರಬೇಡಿ. ಆ ಸೀಮೆಯ ಮನೆಯೂಟವೇ ಬೇಳೆ ಮತ್ತು ಸ್ಪೆಟ್ಸ್‌ಲೆ. ಜೊತೆಗೆ ಸಾಸೇಜ್ ಹಾಕುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ಅಜ್ಜಿ ಒಂದು ಬಟ್ಟಲು ಕಳಿಸಿದ್ದರು. ನಮ್ಮ ಹುಳಿಗೆ ಹುಣಸೆಹಣ್ಣು, ಅವರ ಬೇಳೆಗೆ ವಿನೆಗರ್. ಅತ್ತೆ ರುಚಿ ನೋಡಿ, “ಎಲ್ಲಾ ಸರಿಯಾಗಿದೆ, ಒಗ್ಗರಣೆ ಒಂದು ಮರೆತಿದ್ದಾರೆ” ಅಂದು ಸಾಸಿವೆ, ಇಂಗು, ಒಣಮೆಣಸಿನಕಾಯಿ ಹಾಕಿದರು. ಅಡುಗೆಮನೆ ಬಾಗಿಲು ತೆರೆದಿತ್ತು. ಪ್ಯಾಸೇಜಿನ ಹೊಗೆ ಅಲಾರಂ ಕಿರುಚಿಕೊಂಡಿತು. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಅಲಾರಂ ಬಿಚ್ಚಿಡಬೇಡಿ, ಅದು ಇರಲೇಬೇಕೆಂಬ ಕಾನೂನಿದೆ.

ನಿಮ್ಮಮ್ಮನಿಗೆ ಓದುವ ಹವ್ಯಾಸ ಇದ್ದರೆ ಎರಡು ಕಡೆ ಕರೆದುಕೊಂಡು ಹೋಗಿ. ಒಂದು ಎಸ್ಲಿಂಗನ್, ಎಸ್-ಬಾನ್ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. 1843ರಲ್ಲಿ ‘ಮಂಗಳೂರ ಸಮಾಚಾರ’ ಅಚ್ಚು ಹಾಕಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಇನ್ನೊಂದು ಟ್ಯೂಬಿಂಗನ್. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಆ ಊರಿನಲ್ಲಿ. ಎಂ.ಜಿ. ರಸ್ತೆಯ ಪ್ರತಿಮೆ ನೀವು ನೋಡಿಯೇ ಇರುತ್ತೀರಿ. ಟ್ಯೂಬಿಂಗನ್ನಿನಲ್ಲಿ ನೆಕಾರ್ ನದಿಯ ಸೇತುವೆಯ ಮೇಲೆ ನಿಂತು ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಮನುಷ್ಯ ನಮ್ಮ ಊರಿಗೆ ಬಂದಾಗ ಅವನಿಗೂ ಹೀಗೇ ಒಂದೂ ಅರ್ಥ ಆಗಿರಲ್ಲ ಅಲ್ವೇನಮ್ಮ? ಸಿಕ್ಕಿದ ಮಾತನ್ನೆಲ್ಲ ಬರೆದಿಟ್ಟುಕೊಂಡ,” ಅಂದರು. ವಾಪಸು ಬಂದವರೇ ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ತಾವೂ ಬರೆಯತೊಡಗಿದರು. ಒಂದು ಕಡೆ ಜರ್ಮನ್ ಪದ ಕನ್ನಡ ಅಕ್ಷರದಲ್ಲಿ, ಎದುರಿಗೆ ಅರ್ಥ. ಮೊದಲ ಪದ ಕೇರ್‌ವೋಖೆ. ಹೊರಡುವಾಗ ನೂರಾ ಎಂಬತ್ತು ಪದ ಆಗಿತ್ತು. ಅರ್ಧ ಕೆಳಗಿನ ಅಜ್ಜಿ ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟದ್ದು. ಅದನ್ನು ನಮ್ಮ ಬಳಿಯೇ ಬಿಟ್ಟು ಹೋಗಿದ್ದಾರೆ.

ನೀವು ಹೋಗುವುದು ನವೆಂಬರಿನಲ್ಲಿ, ಹಾಗಾಗಿ ಹಿಮ ಬಳಿಯುವ ಸರದಿಯೂ ಬೇಗ ಬರಬಹುದು. ಸಲಿಕೆ ನೆಲಮಾಳಿಗೆಯಲ್ಲಿ ಇರುತ್ತದೆ, ಕೊಳ್ಳಬೇಡಿ. ಗ್ರೈಂಡರ್ ಒಯ್ಯಿರಿ, ಅದರ ಕೆಳಗೆ ಹಾಸಲು ದಪ್ಪ ರಬ್ಬರ್ ಮ್ಯಾಟ್ ಒಯ್ಯಿರಿ. ರಂಗೋಲಿ ಪುಡಿ ಒಂದು ಕೇಜಿ ಸಾಕು, ತೀರಿದರೆ ಅಕ್ಕಿಹಿಟ್ಟು ಅಲ್ಲೇ ಸಿಗುತ್ತದೆ. ಬಾಗಿಲಲ್ಲಿ ಹಲಗೆ ಕಂಡರೆ ಅಲ್ಲೇ ಇರಲಿ ಅಂತ ನಿಮ್ಮಮ್ಮನಿಗೆ ವಿಮಾನ ಹತ್ತುವ ಮೊದಲೇ ಹೇಳಿಡಿ. ಅತ್ತೆಯ ನೋಟ್‌ಬುಕ್ಕಿನ ಫೋಟೋ ಬೇಕಿದ್ದರೆ ಕೇಳಿ, ಪುಟ ಪುಟವಾಗಿ ತೆಗೆದು ಕಳಿಸುತ್ತೇನೆ.