ಒಂದು ಬಟನ್‌ಗೆ ಹಡೋಕೆನ್ ಬಂದರೆ ಆಟ ಕೆಡುತ್ತಾ?

ಗದಗಿನ ಓದುಗರೇ, ನಿಮ್ಮ ಪತ್ರ ಓದಿ ಖುಷಿಯಾಯಿತು, ಅರ್ಧಕ್ಕೆ ಬರುವಷ್ಟರಲ್ಲಿ ಜಗಳ ಆಡಬೇಕು ಅಂತಲೂ ಅನಿಸಿತು. ಹಳೇ ಫೈಟಿಂಗ್ ಗೇಮ್ ಮತ್ತೆ ತರುವುದಾದರೆ ಗ್ರಾಫಿಕ್ಸ್ ಮಾತ್ರ ಹೊಸದು ಮಾಡಲಿ, ಉಳಿದದ್ದು ಮುಟ್ಟಬಾರದು, ಒಂದೇ ಬಟನ್‌ಗೆ ಹಡೋಕೆನ್ (ಸ್ಟ್ರೀಟ್ ಫೈಟರ್‌ನಲ್ಲಿ ಅಂಗೈಯಿಂದ ಶಕ್ತಿಯ ಉಂಡೆ ಎಸೆಯುವ ಹೊಡೆತ) ಕೊಡುವುದು ಮೋಸ ಅಂತ ಬರೆದಿದ್ದೀರಿ. ಗೇಮ್ ಅಂಗಡಿಯಲ್ಲಿ ಟೆಕ್ಕೆನ್ 3 ಆಡಿ ಬೆಳೆದವರಿಗೆ ಹಾಗನಿಸುವುದು ಸಹಜ. ಆದರೆ ನಾನು ಒಪ್ಪಲ್ಲ.

ನೀವು ಮೋಸ ಅಂದದ್ದಕ್ಕೆ 2023ರ ಸ್ಟ್ರೀಟ್ ಫೈಟರ್ 6 ದಂಡ ಇಟ್ಟಿದೆ, ನೋಡಿ. ಅದರ ಮಾಡರ್ನ್ ಕಂಟ್ರೋಲ್ ಅನ್ನುವ ಸುಲಭ ಬಟನ್ ವ್ಯವಸ್ಥೆಯಲ್ಲಿ ಒಂದೇ ಬಟನ್‌ನಿಂದ ಹಡೋಕೆನ್‌ನಂಥ ಸ್ಪೆಷಲ್ ಹೊಡೆದರೆ ಪೆಟ್ಟು ಶೇ. 20ರಷ್ಟು ಕಡಿಮೆ. ಕೆಲವು ಮಾಮೂಲಿ ಪಂಚು, ಕಿಕ್ಕು ಸಿಗುವುದೇ ಇಲ್ಲ. ಕೆಳಗೆ, ಕೆಳಗೆ-ಮುಂದೆ, ಮುಂದೆ, ಪಂಚ್ ಅಂತ ಬೆರಳು ಹೊರಳಿಸಿ ಹೊಡೆದವನಿಗೆ ಪೂರ್ತಿ ಪೆಟ್ಟು. ಬೆರಳಿನ ಕಸರತ್ತು ಬರದ ಹುಡುಗನೂ ಮೊದಲ ದಿನವೇ ನಿಜವಾದ ಮಜಾಕ್ಕೆ ಬರುತ್ತಾನೆ: ಎದುರಿನವನು ಈಗ ಹಾರುತ್ತಾನಾ, ಹಿಡಿದು ಎಸೆಯುತ್ತಾನಾ, ಸುಮ್ನೆ ಕಾಯುತ್ತಾನಾ? ಗರಡಿಯಲ್ಲೂ ಪಟ್ಟು ಗೊತ್ತಿದ್ದರೆ ಸಾಲದು, ಯಾವಾಗ ಹಾಕಬೇಕು ಅನ್ನುವುದು ಗೊತ್ತಿರಬೇಕು, ಅಲ್ವಾ?

ಇನ್ನು ಗ್ರಾಫಿಕ್ಸ್ ಮಾತು. 2021ರಲ್ಲಿ ಸೆಗಾ ವರ್ಚುವಾ ಫೈಟರ್ 5ಕ್ಕೆ ಅದನ್ನೇ ಮಾಡಿತು. ನೋಡಲು ಚಂದ ಇತ್ತು. ಆನ್‌ಲೈನ್ ವ್ಯವಸ್ಥೆ ಮಾತ್ರ ಹಳೇದೇ: ಎದುರಾಳಿ ಏನು ಒತ್ತಿದ ಅನ್ನುವ ಸುದ್ದಿ ಬರುವವರೆಗೆ ನೀವು ಒತ್ತಿದ ಬಟನ್ ಕೂಡ ಕಾಯಬೇಕು. ಈ ಆಟಗಳು ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಓಡುತ್ತವೆ, ಅಂದರೆ ಒಂದು ಫ್ರೇಮ್‌ಗೆ ಹೆಚ್ಚುಕಡಿಮೆ 17 ಮಿಲಿಸೆಕೆಂಡ್, ಹುಬ್ಬಳ್ಳಿಯಲ್ಲಿ ಕೂತು ದೂರದವನ ಜೊತೆ ಆಡುವಾಗ ನಾಲ್ಕೈದು ಫ್ರೇಮ್ ತಡವಾದರೂ ತಡೆಯಬೇಕಿದ್ದ ಒದೆ ಹೊಟ್ಟೆಗೆ ಬಿದ್ದಿರುತ್ತದೆ. ರೋಲ್‌ಬ್ಯಾಕ್ ಅನ್ನುವ ಇನ್ನೊಂದು ಆನ್‌ಲೈನ್ ವ್ಯವಸ್ಥೆ ಹಾಗೆ ಕಾಯುವುದಿಲ್ಲ. ಎದುರಿನವನು ಹಿಂದಿನ ಬಟನ್ನನ್ನೇ ಹಿಡಿದಿದ್ದಾನೆ ಅಂತ ಊಹಿಸಿ ಆಟ ಓಡಿಸುತ್ತದೆ, ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ಸರಿಮಾಡಿಕೊಂಡು ಬರುತ್ತದೆ, ಅದೂ ಕಣ್ಣಿಗೆ ಅಷ್ಟಾಗಿ ಕಾಣದ ಹಾಗೆ. 2025ರಲ್ಲಿ ಅದೇ ಆಟ ರೆವೋ ಹೆಸರಲ್ಲಿ ಪಿಸಿಗೆ ಬಂದಾಗ ಸೆಗಾ ರೋಲ್‌ಬ್ಯಾಕ್ ಹಾಕಿತು. ಮೊದಲೇ ಹಾಕಬಹುದಿತ್ತು ಬಿಡಿ.

ನನ್ನ ಕೇಳಿದರೆ ದುಡ್ಡು ಮೊದಲು ಆನ್‌ಲೈನ್ ವ್ಯವಸ್ಥೆಗೇ ಸುರಿಯಬೇಕು. ಅಂಗಡಿಯಲ್ಲಿ ಪಕ್ಕಕ್ಕೇ ಕೂತು ನಿಮ್ಮನ್ನು ಸೋಲಿಸುತ್ತಿದ್ದ ಹುಡುಗರು ಈಗ ಬೆಂಗಳೂರು, ಪುಣೆ ಸೇರಿದ್ದಾರೆ. ಅವರ ಜೊತೆ ಆಡಲು ಬರದಿದ್ದರೆ ಹಳೇ ಹೆಸರು ಇಟ್ಟುಕೊಂಡು ಏನು ಮಾಡೋದು?

ಅಂಗಡಿಯ ಮಷೀನಿನಂಥ ಹಿಡಿ ಇರುವ ಸ್ಟಿಕ್ ಕೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಬೇಡ, ಕೈಯಲ್ಲಿ ಹಿಡಿಯುವ ಮಾಮೂಲಿ ಪ್ಯಾಡ್ ಸಾಕು. ಬದಲಿಗೆ ಉದ್ದನೆಯ ಲ್ಯಾನ್ ಕೇಬಲ್ ಒಂದು ತಗೊಳ್ಳಿ, ವೈಫೈಯಲ್ಲಿ ಆಡಲೇಬೇಡಿ.