ಕೇಬಲ್ ಲೈನ್ ಕೊಳ್ಳಬಹುದೇ?

ಪ್ರಶ್ನೆ: ನಮ್ಮೂರಿನ ಕೇಬಲ್ ಆಪರೇಟರ್ ಒಬ್ಬರು ತಮ್ಮ ಲೈನ್ ಮಾರುತ್ತಿದ್ದಾರೆ. ಭತ್ತ ಮಾರಿದ ಹಣವನ್ನು ಅದರಲ್ಲಿ ತೊಡಗಿಸಬಹುದೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮಾರುವವರು ಹೇಳುವ ಸಂಪರ್ಕಗಳ ಸಂಖ್ಯೆಯನ್ನು ನೆಚ್ಚಿಕೊಳ್ಳದೆ, ಕಳೆದ ಆರು ತಿಂಗಳಲ್ಲಿ ಪ್ರತಿ ತಿಂಗಳೂ ರೀಚಾರ್ಜ್ ಆಗಿರುವ ಸೆಟ್‌ಟಾಪ್ ಬಾಕ್ಸ್‌ಗಳೆಷ್ಟು ಎಂಬುದನ್ನು ಎಂಎಸ್‌ಒ (ಆಪರೇಟರ್‌ಗಳಿಗೆ ಚಾನೆಲ್‌ಗಳ ಸಿಗ್ನಲ್ ಒದಗಿಸುವ ದೊಡ್ಡ ಕಂಪನಿ) ಲೆಕ್ಕದಲ್ಲಿ ಮೊದಲು ನೋಡಿರಿ; ಅಟ್ಟದ ಮೇಲೆ ಧೂಳು ಹಿಡಿದ ಬಾಕ್ಸೂ ಮಾರುವವರ ಪಟ್ಟಿಯಲ್ಲಿ ಗ್ರಾಹಕನಾಗಿಯೇ ಇರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2017ರ ನಿಯಮಾವಳಿಯಂತೆ, ಪರಸ್ಪರ ಬೇರೆ ಒಪ್ಪಂದವಾಗದಿದ್ದರೆ, ಚಾನೆಲ್ ದರವಲ್ಲದೆ ಗ್ರಾಹಕರು ಸಂಪರ್ಕಕ್ಕೆಂದು ತಿಂಗಳಿಗೆ ಕೊಡುವ ನೆಟ್‌ವರ್ಕ್ ಶುಲ್ಕದಲ್ಲಿ ಶೇ. 55 ಎಂಎಸ್‌ಒಗೂ ಶೇ. 45 ಆಪರೇಟರ್‌ಗೂ ಸಲ್ಲುತ್ತದೆ. ಶುಲ್ಕ 130 ರೂಪಾಯಿಯಾದರೆ ತಮ್ಮ ಪಾಲು 58 ರೂಪಾಯಿ 50 ಪೈಸೆ. ಪೇ ಚಾನೆಲ್‌ಗಳ ಕಮಿಷನ್ ಅಷ್ಟಿಷ್ಟು ಸೇರಿದರೂ ಲೈನ್‌ಮನ್ ಸಂಬಳ, ಕಂಬದ ಬಾಡಿಗೆ, ಸಿಡಿಲಿಗೆ ಸುಟ್ಟ ಆಂಪ್ಲಿಫೈಯರ್ ಎಲ್ಲವೂ ಅದರಲ್ಲೇ ನಡೆಯಬೇಕು.

ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಒಂದೆಡೆ, ಮೊಬೈಲ್ ಇನ್ನೊಂದೆಡೆ ಗ್ರಾಹಕರನ್ನು ಸೆಳೆಯುತ್ತಿರುವಾಗ, ಟಿವಿಯೊಂದನ್ನೇ ನಂಬಿದ ಹಳೆಯ ಕೊಯಾಕ್ಸಿಯಲ್ (ಲೋಹದ ತಂತಿಯ) ಲೈನಿಗೆ ಹೆಚ್ಚಿನ ಬೆಲೆ ಕೊಡುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಮನೆ ಬಾಗಿಲವರೆಗೆ ಫೈಬರ್ ಎಳೆದಿದ್ದು, ಅದರಲ್ಲೇ ಬ್ರಾಡ್‌ಬ್ಯಾಂಡ್ ಕೊಡುವಂತಿದ್ದರೆ ಮಾತ್ರ ಮಾತುಕತೆ ಮುಂದುವರಿಸಬಹುದು. ಆಪರೇಟರ್ ನೋಂದಣಿಯು 2025ರ ಜನವರಿಯಿಂದ ಅಂಚೆ ಕಚೇರಿಯ ಬದಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪೋರ್ಟಲ್‌ನಲ್ಲಿ ಆಗುತ್ತಿದ್ದು, ಅವಧಿ 5 ವರ್ಷ. ಅದು ತಮ್ಮ ಹೆಸರಿಗೆ ಆಗುವವರೆಗೆ ಪೂರ್ತಿ ಹಣ ಕೊಡಬೇಡಿರಿ. ಮುಂದಿನ ಬೆಳೆಯ ಬೀಜ, ಗೊಬ್ಬರಕ್ಕೆ ಎತ್ತಿಟ್ಟಿದ್ದನ್ನಂತೂ ಮುಟ್ಟಲೇಬೇಡಿರಿ.